ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ ರಾತ್ರಿ ಹಡಗು: ಕ್ಯಾಬಿನ್ ಬುಕ್ ಮಾಡುವ ಮುಂಚೆ

"ಹಡಗಲ್ಲಿ ರೂಮಾ? ಅದೆಂತದು ಮಾರಾಯ?" ಅಂದರು ದೊಡ್ಡಪ್ಪ. ರಜೆಗೆ ಉಡುಪಿಗೆ ಬಂದಿದ್ದೆ, ಜಗಲಿಯಲ್ಲಿ ಕೂತಿದ್ದೆವು. ಅವರ ಮಗ ಸ್ಟಾಕ್‌ಹೋಮ್‌ಗೆ ಹೊಸಬ. ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡು ಹಡಗಲ್ಲಿ ಫಿನ್‌ಲ್ಯಾಂಡ್ ತೋರಿಸಬೇಕು ಅಂತ ಅವನ ಆಸೆ. ನಮ್ಮವರಿಗೆ ಗೊತ್ತಿರುವುದು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಬೋಟು, ಇಲ್ಲಾ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವ ದೋಣಿ. ಆ ಲೆಕ್ಕ ಇಲ್ಲಿ ಹಿಡಿಯಬೇಡಿ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಸ್ಲೀಪರ್ ಬಸ್ ನೆನಪಿಸಿಕೊಳ್ಳಿ. ಸಂಜೆ ಹತ್ತುವುದು, ಮಲಗುವುದು, ಬೆಳಗ್ಗೆ ಬೇರೆ ಊರು. ಶಿರಾಡಿ ಘಾಟಿಯ ತಿರುವು ಇಲ್ಲ ಅಷ್ಟೇ.

ಈ ದಾರಿಯಲ್ಲಿ ಓಡುವ ದೊಡ್ಡ ಹೆಸರು ಎರಡು: ಟಾಲಿಂಕ್ ಸಿಲ್ಜಾ ಮತ್ತು ವೈಕಿಂಗ್ ಲೈನ್. ಸಿಲ್ಜಾದ ಸೆರೆನೇಡ್ 1990ರ ಹಡಗು, ಸಿಂಫನಿ 1991ರದ್ದು. ತಲಾ 203 ಮೀಟರ್ ಉದ್ದ. ಒಳಗೆ ನಡುವೆ ಅಂಗಡಿ ಬೀದಿಯೇ ಇದೆ.

ಮೊದಲು ತಿಳಿಯಬೇಕಾದದ್ದು, ಇಲ್ಲಿ ನೀವು ಕೊಳ್ಳುವುದು ಸೀಟಲ್ಲ, ಕೋಣೆ. ನಾಲ್ಕು ಮಂಚದ ಕ್ಯಾಬಿನ್‌ನಲ್ಲಿ ಇಬ್ಬರೇ ಹೋದರೂ ಅದು ಪೂರ್ತಿ ನಿಮ್ಮದೇ. ಹಾಗಾಗಿ ನಾಲ್ವರು ಸೇರಿ ಹೋದರೆ ತಲೆಗೆ ಬೀಳುವ ಖರ್ಚು ತುಂಬ ಇಳಿಯುತ್ತದೆ. ವಾರದ ನಡುವಿನ ದಿನ ಅಗ್ಗ. ಶುಕ್ರವಾರ, ಶನಿವಾರ ಮತ್ತು ಇಡೀ ಜುಲೈ ತಿಂಗಳು ದುಬಾರಿ.

ಇನ್ನು ಯಾವ ಕ್ಯಾಬಿನ್? ಎಲ್ಲರೂ ಎಡವುವುದು ಇಲ್ಲೇ. ಮೊದಲ ಸಲ ನಾನು ಅತಿ ಅಗ್ಗದ್ದು ಹಿಡಿದೆ. ಅದು ಕಾರು ನಿಲ್ಲಿಸುವ ಡೆಕ್‌ಗಿಂತಲೂ (ಡೆಕ್ ಅಂದರೆ ಹಡಗಿನ ಮಹಡಿ) ಕೆಳಗೆ ಇತ್ತು. ರಾತ್ರಿಯಿಡೀ ಎಂಜಿನ್ ಗುಂಯ್‌ಗುಟ್ಟುತ್ತಿತ್ತು. ಹಿರಿಯರ ಜೊತೆ ಹೋಗುವಾಗ ಅದು ಬೇಡ. ಹಾಗಂತ ಕಿಟಕಿಗೆ ಜಾಸ್ತಿ ದುಡ್ಡು ಸುರಿಯುವುದೂ ನನ್ನ ಮಟ್ಟಿಗೆ ದಂಡ. ಬೇಸಿಗೆಯಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಆಗ ನೀವು ಮೇಲಿನ ಡೆಕ್‌ನಲ್ಲೇ ನಿಂತಿರುತ್ತೀರಿ. ಚಳಿಗಾಲದಲ್ಲಿ ಮೂರು ಗಂಟೆಗೇ ಕತ್ತಲೆ, ಕಿಟಕಿಯಲ್ಲಿ ಕಾಣುವುದು ನಿಮ್ಮದೇ ಮುಖ. ಮೇಲಿನ ಡೆಕ್‌ನ ಒಳಗಿನ ಕ್ಯಾಬಿನ್ ಸಾಕು. ಕಿಟಕಿಯಿಲ್ಲದಿದ್ದರೆ ಉಸಿರುಗಟ್ಟಿದಂತೆ ಆಗುವವರು ಇದ್ದರೆ ಮಾತ್ರ ಬೇರೆ ಮಾತು.

ಮಂಚಗಳು ಒಂದರ ಮೇಲೊಂದು. ಮೇಲಿನದಕ್ಕೆ ಏಣಿ ಹತ್ತಬೇಕು, ಅದು ನಿಮಗೆ. ಕೆಳಗಿನದು ಅಪ್ಪ ಅಮ್ಮನಿಗೆ. ಬಚ್ಚಲು ತೀರಾ ಚಿಕ್ಕದು, ಬಾಗಿಲಲ್ಲಿ ಎತ್ತರದ ಹೊಸ್ತಿಲಿದೆ. ರಾತ್ರಿ ಎದ್ದಾಗ ಕಾಲು ತಾಗುತ್ತದೆ, ಮೊದಲೇ ತೋರಿಸಿಡಿ. ಒಂದು ಪ್ಲಾಸ್ಟಿಕ್ ಮಗ್ಗು ಒಯ್ಯಿರಿ. ಯಾಕೆ ಅಂತ ವಿವರಿಸಬೇಕಾಗಿಲ್ಲ, ಅಲ್ವಾ?

ಬುಕ್ ಮಾಡುವಾಗ ಎಲ್ಲರ ಹೆಸರು, ಹುಟ್ಟಿದ ದಿನ, ದೇಶ ಕೇಳುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ತುಂಬಿ. ಸ್ವೀಡನ್, ಫಿನ್‌ಲ್ಯಾಂಡ್ ಎರಡೂ ಷೆಂಗೆನ್ ದೇಶಗಳು, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಹಾಗಾಗಿ ಒಂದೇ ಸಲ ಪ್ರವೇಶದ ವೀಸಾ ಇರುವ ಅಪ್ಪ ಅಮ್ಮನಿಗೂ ತೊಂದರೆ ಇಲ್ಲ. ಆದರೆ ಅಸಲಿ ಪಾಸ್‌ಪೋರ್ಟ್ ಕೈಯಲ್ಲಿರಲಿ, ನಿಮ್ಮ ರೆಸಿಡೆನ್ಸ್ ಕಾರ್ಡ್ ಕೂಡ. ಫೋನಿನಲ್ಲಿರುವ ಫೋಟೋ ನಂಬಿ ಹೊರಡಬೇಡಿ. ಹಡಗು ಹೊರಡುವ ಹೊತ್ತಿಗೆ ಅಲ್ಲ, ಅದಕ್ಕೂ ಮುಂಚೆಯೇ ಚೆಕ್-ಇನ್ ಮುಚ್ಚುತ್ತದೆ. ಟರ್ಮಿನಲ್‌ಗೆ ಒಂದು ಗಂಟೆ ಮೊದಲೇ ಹೋಗಿ. ಸಿಲ್ಜಾದ್ದು ವಾರ್ತಾಹಮ್ನೆನ್, ವೈಕಿಂಗ್‌ದು ಸ್ಟಾಡ್ಸ್‌ಗೋರ್ಡನ್. ಎರಡೂ ನಗರದ ಬೇರೆ ಬೇರೆ ಮೂಲೆಗಳು, ತಪ್ಪಿದರೆ ಟ್ಯಾಕ್ಸಿ ಹಿಡಿದು ಓಡಬೇಕು.

ಊಟದ ವಿಷಯ. ಬಫೆ ಎರಡು ಪಾಳಿಯಲ್ಲಿ ನಡೆಯುತ್ತದೆ, ಟಿಕೆಟ್ ಜೊತೆಗೇ ಬುಕ್ ಮಾಡಿದರೆ ಅಗ್ಗ. ಮೀನು ತಿನ್ನುವವರಿಗೆ ಹಬ್ಬ. ದೊಡ್ಡಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವರಿಗೆ ಬೇಯಿಸಿದ ಆಲೂಗಡ್ಡೆ, ಸಲಾಡ್, ಬ್ರೆಡ್ಡು, ಹಣ್ಣು, ಅಷ್ಟೇ. ಕೇಕು, ಪುಡಿಂಗ್ ಕೇಳದೆ ತಿನ್ನಬಾರದು, ಮೊಟ್ಟೆ ಅಥವಾ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರಬಹುದು. ಅಷ್ಟಕ್ಕೇ ಪೂರ್ತಿ ಬಫೆಯ ದುಡ್ಡು ಯಾಕೆ? ಚಪಾತಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಳ್ಳಿ, ಥರ್ಮಾಸ್‌ನಲ್ಲಿ ಬಿಸಿನೀರು ತುಂಬಿಸಿಕೊಳ್ಳಿ. ವಿಮಾನದ ಹಾಗೆ ನೀರಿನ ಬಾಟಲಿ, ಉಪ್ಪಿನಕಾಯಿ ಕಿತ್ತಿಡುವುದಿಲ್ಲ. ಆದರೆ ಕ್ಯಾಬಿನ್‌ನಲ್ಲಿ ಅಡುಗೆ ಒಲೆ, ರೈಸ್ ಕುಕ್ಕರ್ ಹಚ್ಚುವಂತಿಲ್ಲ.

ಹೊರಟ ಮೊದಲ ಕೆಲವು ಗಂಟೆ ಹಡಗು ಸಾವಿರಾರು ಪುಟ್ಟ ದ್ವೀಪಗಳ ನಡುವೆ ನಿಧಾನಕ್ಕೆ ಸಾಗುತ್ತದೆ, ಅಲುಗಾಟವೇ ಇಲ್ಲ. ತೆರೆದ ಸಮುದ್ರ ಬರುವುದು ರಾತ್ರಿ. ವಾಂತಿಯ ಭಯ ಇರುವವರು ಹಡಗಿನ ಮಧ್ಯಭಾಗದ ಕ್ಯಾಬಿನ್ ಕೇಳಿ. ನಡುರಾತ್ರಿ ಫಿನ್‌ಲ್ಯಾಂಡಿಗೆ ಸೇರಿದ ಓಲಂಡ್ ದ್ವೀಪದ ಮರಿಹಾಮ್ನ್ ಊರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇದಕ್ಕೆ ತೆರಿಗೆಯ ಕಾರಣವಿದೆ. 1999ರಲ್ಲಿ ಐರೋಪ್ಯ ಒಕ್ಕೂಟದ ದೇಶಗಳ ನಡುವಿನ ಡ್ಯೂಟಿ ಫ್ರೀ ಮಾರಾಟ ನಿಂತಿತು. ಓಲಂಡ್ ಮಾತ್ರ ಒಕ್ಕೂಟದ ತೆರಿಗೆ ವಲಯದ ಹೊರಗೆ ಉಳಿಯಿತು. ಅಲ್ಲಿ ಹಗ್ಗ ಕಟ್ಟಿ ಬಿಚ್ಚಿದರೆ ಹಡಗಿನ ಅಂಗಡಿಯಲ್ಲಿ ತೆರಿಗೆಯಿಲ್ಲದೆ ಮಾರಬಹುದು! ಆ ಸದ್ದಿಗೆ ಎಚ್ಚರವಾದರೆ ಗಾಬರಿಯಾಗಬೇಡಿ, ಮತ್ತೆ ಮಲಗಿ.

ಫಿನ್‌ಲ್ಯಾಂಡ್ ಒಂದು ಗಂಟೆ ಮುಂದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳಗಾದದ್ದೇ ತಿಳಿಯುವುದಿಲ್ಲ, ಹಾಗಾಗಿ ಅಲಾರಂ ಹೊಸ ಸಮಯಕ್ಕೆ ಇಡಿ.

ಹೋಗಿ ಬರುವ ಯೋಚನೆ ಇದ್ದರೆ ಎರಡು ಬಿಡಿ ಟಿಕೆಟ್ ತೆಗೆಯುವ ಮುಂಚೆ 'ಕ್ರೂಸ್' ದರ ನೋಡಿ. ಎಷ್ಟೋ ಸಲ ಅದೇ ಅಗ್ಗ. ಎರಡು ರಾತ್ರಿ ಒಂದೇ ಕ್ಯಾಬಿನ್, ನಡುವೆ ಹೆಲ್ಸಿಂಕಿಯಲ್ಲಿ ಒಂದು ಹಗಲು. ಚೀಲಗಳನ್ನು ಕೋಣೆಯಲ್ಲೇ ಬಿಟ್ಟು ಕೈಬೀಸಿಕೊಂಡು ಇಳಿಯಬಹುದು. ಬಾಗಿಲಿನ ಕಾರ್ಡ್ ಮಾತ್ರ ಜೇಬಿನಲ್ಲಿರಲಿ, ಸಂಜೆ ಮತ್ತೆ ಹತ್ತಲು ಅದು ಬೇಕು.