ಹಳೇ ಕ್ಯಾಬಿನೆಟ್‌ಗೆ ಹೊಸ ಫ್ಯಾನು, ಹೊಸ ಬಣ್ಣ: ಮನೆಯಲ್ಲೇ ಮಾಡುವುದು ಹೇಗೆ?

ದಾವಣಗೆರೆಯಲ್ಲಿ ಕಂಪ್ಯೂಟರಿನ ಇಡೀ ಡಬ್ಬಕ್ಕೇ ಸಿಪಿಯು ಅನ್ನುವವರು ಜಾಸ್ತಿ. ಅಂಗಡಿಯವರು ಕ್ಯಾಬಿನೆಟ್ ಅನ್ನುತ್ತಾರೆ. ನಾವೂ ಹಾಗೇ ಕರೆಯೋಣ. ಈ ಕ್ಯಾಬಿನೆಟ್‌ಗೆ ಇನ್ನೊಂದು ಫ್ಯಾನು ಕೂರಿಸಬಹುದು, ಬಣ್ಣ ಬದಲಿಸಬಹುದು, ಪಕ್ಕದ ತಗಡು ಕತ್ತರಿಸಿ ಕಿಟಕಿ ಇಡಬಹುದು. ಎಲ್ಲವೂ ಮನೆಯಲ್ಲೇ ಆಗುವ ಕೆಲಸ. ಆದರೆ ತೂತು ಕೊರೆಯುವ ಹೊತ್ತಿಗೆ ಕೆಡಿಸಿಕೊಂಡವರನ್ನು ನಾನು ತುಂಬಾ ನೋಡಿದ್ದೇನೆ.

ಹೋದ ಬೇಸಿಗೆಯಲ್ಲಿ ಅಕ್ಕನ ಮಗ ಫೋನ್ ಮಾಡಿದ. "ಮಾವಾ, ಬಂದು ನೋಡ್ರಿ, ಡಿಸ್‌ಪ್ಲೇನೇ ಬರ್ತಿಲ್ಲ" ಅಂದ. ಹೋಗಿ ನೋಡಿದರೆ ಕ್ಯಾಬಿನೆಟ್ ಮೇಲೆ ಹಲ್ಲುಹಲ್ಲಾದ ತೂತು. ಮದರ್‌ಬೋರ್ಡ್ ಬಿಚ್ಚದೆ, ಅದರ ಮೇಲೆ ಪೇಪರ್ ಹಾಸಿ ಕೊರೆದಿದ್ದ. ಕಬ್ಬಿಣದ ಪುಡಿ ಪೇಪರ್ ಸಂದಿಯಿಂದ ಇಳಿದು ರ‍್ಯಾಮ್ ಸ್ಲಾಟ್ ಒಳಗೆ ಕೂತಿತ್ತು. ಆ ಬೋರ್ಡ್ ಮತ್ತೆ ಬದುಕಲಿಲ್ಲ. ಪಾಪ, ಆರು ತಿಂಗಳು ದುಡ್ಡು ಕೂಡಿಸಿ ಕೊಂಡಿದ್ದು. ಅವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

ಮೊದಲ ಸಲಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ: ಮೇಲ್ಭಾಗದಲ್ಲಿ 120 ಮಿ.ಮೀ. ಫ್ಯಾನು, ಆಮೇಲೆ ಬಣ್ಣ. ನಮ್ಮೂರ ಏಪ್ರಿಲ್ ಬಿಸಿಲಿಗೆ ಇದರಿಂದ ನಿಜವಾದ ಉಪಯೋಗ ಇದೆ. ಬಿಸಿ ಗಾಳಿ ಮೇಲಕ್ಕೇ ಏರುತ್ತದೆ, ಮೇಲಿನ ಫ್ಯಾನು ಅದನ್ನು ಎಳೆದು ಹೊರಗೆ ಹಾಕುತ್ತದೆ. ಆದರೆ ಕೋಣೆಯೇ 35 ಡಿಗ್ರಿ ಇದ್ದರೆ ಒಳಗಿನ ಭಾಗಗಳು ಅದಕ್ಕಿಂತ ತಂಪಾಗುವುದಿಲ್ಲ. ಅಷ್ಟು ತಿಳಿದುಕೊಂಡೇ ಶುರು ಮಾಡಿ.

ಹಂತ 1: ಗುಜರಿ ಕ್ಯಾಬಿನೆಟ್ ತನ್ನಿ

ನಿಮ್ಮ ಸ್ವಂತ ಕ್ಯಾಬಿನೆಟ್ ಮೇಲೆ ಮೊದಲ ತೂತು ಬೇಡ. ಗುಜರಿ ಅಂಗಡಿಯಿಂದ ಹಳೇ ಖಾಲಿ ಕ್ಯಾಬಿನೆಟ್ ಒಂದನ್ನು ತನ್ನಿ. ಅದರ ಪಕ್ಕದ ತಗಡಿನ ಮೇಲೆ ಎರಡು ತೂತು ಕೊರೆದು ಕೈ ಪಳಗಿಸಿಕೊಳ್ಳಿ. ಅಗ್ಗದ ಕ್ಯಾಬಿನೆಟ್ ತಗಡು ಅರ್ಧ ಮಿ.ಮೀ. ದಪ್ಪ ಇದ್ದರೆ ಹೆಚ್ಚು. ಗಟ್ಟಿಯಾದವು 0.8 ರಿಂದ 1 ಮಿ.ಮೀ. ಇರುತ್ತವೆ. ಬೆರಳಲ್ಲಿ ಒತ್ತಿದರೆ ಡಬಡಬ ಅನ್ನುವ ತಗಡು ಕೊರೆಯುವಾಗಲೂ ನಡುಗುತ್ತದೆ.

ಪಕ್ಕದಲ್ಲಿ ಗಾಜು ಇರುವ ಕ್ಯಾಬಿನೆಟ್ ನಿಮ್ಮದಾದರೆ ಒಂದು ಮಾತು. ಆ ಗಾಜಿಗೆ ಡ್ರಿಲ್ ಮುಟ್ಟಿಸಲೇಬೇಡಿ. ಅದು ಟೆಂಪರ್ಡ್ ಗಾಜು. ಕತ್ತರಿಸಲು, ಕೊರೆಯಲು ಹೋದರೆ ಇಡೀ ಗಾಜು ಒಂದೇ ಏಟಿಗೆ ಚೂರುಚೂರಾಗುತ್ತದೆ.

ಹಂತ 2: ಪೂರ್ತಿ ಬಿಚ್ಚಿ

ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಮೊಬೈಲಿನಲ್ಲಿ ಫೋಟೊ ತೆಗೆಯುತ್ತ ಒಂದೊಂದೇ ವೈರ್ ಬಿಚ್ಚಿ. ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್, ಎಲ್ಲಕ್ಕೂ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬ, ಇರುವ ಫ್ಯಾನುಗಳು, ಮುಂದಿನ ಪ್ಲಾಸ್ಟಿಕ್ ಮುಖ, ಎಲ್ಲ ಹೊರಗೆ ಬರಲಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಒಡೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಉಳಿದಿರಬಹುದು.

ಹಂತ 3: ಜಾಗ ನೋಡಿ ಗುರುತು ಹಾಕಿ

ಮೊದಲು ಎಸ್‌ಎಂಪಿಎಸ್ ಎಲ್ಲಿ ಕೂರುತ್ತದೆ ನೋಡಿ. ಹಳೇ ಕ್ಯಾಬಿನೆಟ್‌ಗಳಲ್ಲಿ ಅದು ಮೇಲೇ ಇರುತ್ತದೆ. ಹಾಗಿದ್ದರೆ ಮೇಲೆ ಫ್ಯಾನಿಗೆ ಜಾಗ ಸಿಗುವುದಿಲ್ಲ, ಪಕ್ಕದ ತಗಡಿಗೆ ಹೋಗಿ. ಕೆಳಗಿದ್ದರೆ ಮದರ್‌ಬೋರ್ಡಿನ ಮೇಲಂಚಿನಿಂದ ಚಾವಣಿ ತಗಡಿಗೆ ಎಷ್ಟು ಅಂತರ ಇದೆ ಅಳೆಯಿರಿ. ಫ್ಯಾನಿನ ದಪ್ಪ 25 ಮಿ.ಮೀ. ಪ್ರೊಸೆಸರ್‌ಗೆ ಕರೆಂಟ್ ಕೊಡುವ ವೈರು ಅಲ್ಲೇ ಮೂಲೆಯಲ್ಲಿ ಬಾಗುತ್ತದೆ. ಫ್ಯಾನು ಕೂತ ಮೇಲೂ ನಡುವೆ ಬೆರಳು ತೂರಬೇಕು. ಈ ಅಳತೆಯನ್ನು ಮದರ್‌ಬೋರ್ಡ್ ಬಿಚ್ಚುವ ಮೊದಲೇ ತೆಗೆದುಕೊಂಡು, ಒಮ್ಮೆ ಫ್ಯಾನನ್ನೂ ಒಳಗೆ ಹಿಡಿದು ನೋಡಿರಬೇಕು.

ಜಾಗ ಖಚಿತವಾದ ಮೇಲೆ ಅಲ್ಲಿ ಪೂರ್ತಿ ಮಾಸ್ಕಿಂಗ್ ಟೇಪ್ ಅಂಟಿಸಿ. ಗೆರೆ ಚೆನ್ನಾಗಿ ಕಾಣುತ್ತದೆ, ಡ್ರಿಲ್ ಬಿಟ್ ಜಾರುವುದಿಲ್ಲ, ಸುತ್ತಲ ಬಣ್ಣಕ್ಕೆ ಗೀರೂ ಬೀಳುವುದಿಲ್ಲ. 120 ಮಿ.ಮೀ. ಫ್ಯಾನಿನಲ್ಲಿ ಅಕ್ಕಪಕ್ಕದ ಸ್ಕ್ರೂ ತೂತುಗಳ ನಡುವೆ 105 ಮಿ.ಮೀ. ಅಂತರ. 105ರ ಚೌಕ ಬರೆದು ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯಿರಿ. ಎರಡೂ ಗೆರೆ 148.5 ಮಿ.ಮೀ. ಬಂದರೆ ಚೌಕ ಸರಿಯಾಗಿದೆ. ಗೆರೆಗಳು ಕೂಡಿದ ಜಾಗವೇ ನಡುಬಿಂದು. ಅಲ್ಲಿ ಕೈವಾರ ಊರಿ 57.5 ಮಿ.ಮೀ. ತ್ರಿಜ್ಯದ ವೃತ್ತ ಬರೆಯಿರಿ. ಅಂದರೆ ತೂತು 115 ಮಿ.ಮೀ. ಆಗುತ್ತದೆ.

140 ಮಿ.ಮೀ. ಫ್ಯಾನಾದರೆ ಸ್ಕ್ರೂ ಅಂತರ 124.5, 80ರ ಫ್ಯಾನಿಗೆ 71.5. ನನ್ನ ಕೇಳಿದರೆ 80ರದ್ದು ಬೇಡವೇ ಬೇಡ. ಅಷ್ಟೇ ಗಾಳಿ ತಳ್ಳಲು ಅದು ಜೋರಾಗಿ ತಿರುಗಬೇಕು, ಸದ್ದು ಕಿವಿಗೆ ರಾಚುತ್ತದೆ.

ಹಂತ 4: ತೂತು

ಎಲ್ಲರೂ ಎಡವುವುದು ಇಲ್ಲಿ. ಕಾರಣ ಮಶೀನ್ ಅಲ್ಲ, ತಗಡನ್ನು ಹಿಡಿಯುವ ರೀತಿ. ಆಧಾರ ಇಲ್ಲದ ತೆಳು ತಗಡು ಬಿಟ್ ತಾಗಿದ ಕೂಡಲೇ ಕುಣಿಯುತ್ತದೆ. ಕುಣಿದರೆ ಬಿಟ್ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ತಗಡು ಹರಿಯುತ್ತದೆ, ಇಲ್ಲವೇ ನಿಮ್ಮ ಮಣಿಕಟ್ಟು ತಿರುಚುತ್ತದೆ.

ಹಾಗಾಗಿ ತಗಡಿನ ಅಡಿಗೆ ಪ್ಲೈವುಡ್ ತುಂಡು ಕೊಡಿ. ಅರ್ಧ ಇಂಚು ದಪ್ಪದ್ದು ಸಾಕು. ಕಾರ್ಪೆಂಟರ್ ಹತ್ತಿರ ಕೇಳಿದರೆ ಉಳಿಕೆ ತುಂಡು ಸಿಗುತ್ತದೆ. ಚಾವಣಿ ತಗಡು ಬಿಚ್ಚಲು ಬಂದರೆ ಬಿಚ್ಚಿ ಮೇಜಿನ ಮೇಲೆ ಹಾಸಿ. ಬಾರದಿದ್ದರೆ ಕ್ಯಾಬಿನೆಟ್ ತಲೆಕೆಳಗು ಮಾಡಿ, ಹಲಗೆ ಮೇಲೆ ಕೂರಿಸಿ ಒಳಗಡೆಯಿಂದ ಕೊರೆಯಿರಿ. ಹಾಗಾದರೆ ಟೇಪು, ಗುರುತು ಎರಡೂ ಒಳಮೈಗೆ ಬರಬೇಕು. ಎರಡು ಸಿ-ಕ್ಲಾಂಪ್ ಹಾಕಿ ತಗಡು, ಹಲಗೆ ಎರಡನ್ನೂ ಸೇರಿಸಿ ಬಿಗಿಯಿರಿ. ಕೈಯಲ್ಲಿ ತಳ್ಳಿ ನೋಡಿ. ಒಂದಿಷ್ಟೂ ಅಲುಗಬಾರದು. ಗೆಳೆಯ ಹಿಡಿದುಕೊಳ್ಳುತ್ತಾನೆ, ಸಾಕು ಅನ್ನಬೇಡಿ. ಗೆಳೆಯನ ಬೆರಳಿಗಿಂತ ಕ್ಲಾಂಪ್ ಅಗ್ಗ.

ಈಗ ಮೊದಲು ನಾಲ್ಕು ಸ್ಕ್ರೂ ತೂತು. ದೊಡ್ಡ ತೂತನ್ನು ಮೊದಲು ಮಾಡುವವರೇ ಜಾಸ್ತಿ, ಅದು ತಪ್ಪು. ನಡುವಿನ ತಗಡು ಹೋದ ಮೇಲೆ ಮೂಲೆಗಳು ಬಳುಕುತ್ತವೆ, ಬಿಟ್ ದಿಕ್ಕು ತಪ್ಪುತ್ತದೆ. ನಾಲ್ಕು ಗುರುತಿಗೂ ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೊಂದು ಪೆಟ್ಟು ಕೊಡಿ. ಪಂಚ್ ಇಲ್ಲದಿದ್ದರೆ ದಪ್ಪ ಕಾಂಕ್ರೀಟ್ ಮೊಳೆ ಆಗುತ್ತದೆ. ಆ ಕುಳಿಯಲ್ಲಿ 2.5 ಮಿ.ಮೀ. ಬಿಟ್ ಹಾಕಿ, ಆಮೇಲೆ 4.5ರದ್ದು. ಹಾಗಂತ ನೇರ 4.5ರಿಂದ ಶುರು ಮಾಡಬೇಡಿ, ತೂತು ಮೂರು ಮೂಲೆ ಆಗುತ್ತದೆ.

ಇನ್ನು ದೊಡ್ಡ ತೂತು. ಹೋಲ್ ಸಾ (ಡ್ರಿಲ್ಲಿಗೆ ಹಾಕುವ ದುಂಡನೆಯ ಗರಗಸ) ಇದ್ದರೆ 114 ಮಿ.ಮೀ., ಅಂದರೆ ನಾಲ್ಕೂವರೆ ಇಂಚಿನ ಬೈಮೆಟಲ್‌ದು ಸರಿಯಾಗುತ್ತದೆ. ಕಬ್ಬಿಣ ಕೊರೆಯುವುದೇ ಆಗಿರಲಿ. ಮರಕ್ಕೆ ಅಂತ ಕಿಟ್‌ನಲ್ಲಿ ಮಾರುವ ಅಗ್ಗದವುಗಳ ಹಲ್ಲು ಕಾಲು ಸುತ್ತಿಗೇ ಮೊಂಡಾಗುತ್ತದೆ. ವೇಗ ಬದಲಿಸಲು ಬರುವ ಡ್ರಿಲ್ಲೇ ಬೇಕು, ಅತಿ ಕಡಿಮೆ ವೇಗದಲ್ಲಿ ಓಡಿಸಿ. ಗೆರೆ ಮೇಲೆ ಎರಡು ಹನಿ ಮಶೀನ್ ಎಣ್ಣೆ ಬಿಡಿ. ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಇಳಿಸಿ, ಒತ್ತಬೇಡಿ. ಹಲ್ಲು ಸುತ್ತಲೂ ಒಂದೇ ಸಮ ತಾಗುತ್ತಿದ್ದರೆ ಸದ್ದು ಒಂದೇ ರೀತಿ ಬರುತ್ತದೆ. ಸದ್ದು ಬದಲಾದರೆ ಡ್ರಿಲ್ ವಾಲಿದೆ ಅಂತ ಅರ್ಥ. ನಿಲ್ಲಿಸಿ, ನೆಟ್ಟಗೆ ಮಾಡಿಕೊಂಡು ಮತ್ತೆ ಶುರು ಮಾಡಿ.

ಒಂದೇ ತೂತಿಗೆ ಅಷ್ಟು ದುಡ್ಡು ಯಾಕೆ ಅಂತ ಅನ್ನಿಸಿದರೆ ನಾನು ಇಷ್ಟಪಡುವ ದಾರಿ ಇನ್ನೊಂದಿದೆ. ಅದೇ ನಡುಬಿಂದುವಿನಿಂದ 55 ಮಿ.ಮೀ. ತ್ರಿಜ್ಯದ ಇನ್ನೊಂದು ವೃತ್ತ ಬರೆಯಿರಿ. ಈ ಒಳಗೆರೆ ಮೇಲೆ 5 ಮಿ.ಮೀ.ಗೆ ಒಂದರಂತೆ ಪಂಚ್ ಗುರುತು ಹಾಕಿ. ಸುಮಾರು 70 ಗುರುತು ಆಗುತ್ತದೆ. ಪ್ರತಿಯೊಂದಕ್ಕೂ 4 ಮಿ.ಮೀ. ಬಿಟ್ ಇಳಿಸಿ. ತೂತುಗಳ ನಡುವೆ ಒಂದೇ ಮಿ.ಮೀ. ತಗಡು ಉಳಿಯುತ್ತದೆ. ಅದನ್ನು ಹ್ಯಾಕ್ಸಾ ಬ್ಲೇಡ್ ತುಂಡಿನಿಂದ ಕೊಯ್ದರೆ ನಡುವಿನ ಬಿಲ್ಲೆ ಕಳಚಿ ಬೀಳುತ್ತದೆ. ಹಿಡಿಯುವ ಕಡೆ ಬ್ಲೇಡ್‌ಗೆ ಬಟ್ಟೆ ಸುತ್ತಿಕೊಳ್ಳಿ. ಹಲ್ಲುಹಲ್ಲಾದ ಅಂಚನ್ನು ಅರ್ಧಗುಂಡಿನ ಅರದಿಂದ ಹೊರಗೆರೆವರೆಗೆ ತೀಡಿ. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಎತ್ತಬೇಕು. ಒಂದು ಸಂಜೆ ಹಿಡಿಯುತ್ತದೆ. ಆದರೆ ತಪ್ಪಾದರೂ ಅರ್ಧ ಮಿ.ಮೀ. ತಪ್ಪಾಗುತ್ತದೆ, ಅರದಲ್ಲೇ ಸರಿ ಹೋಗುತ್ತದೆ. ಹೊಸಬರಿಗೆ ನಾನು ಹೇಳಿಕೊಡುವುದು ಇದನ್ನೇ.

ಕಟಿಂಗ್ ವೀಲ್ ಹಾಕಿದ ಗ್ರೈಂಡರ್ ತರಬೇಡಿ. ಆ ಚಕ್ರ ನೇರ ಗೆರೆಗೆ ಇರುವುದು. ದುಂಡಗೆ ತಿರುಗಿಸಲು ಹೋದರೆ ಸಿಕ್ಕಿಕೊಂಡು ಒಡೆಯಬಹುದು. ಅದರ ಕಿಡಿಯಿಂದ ಸುತ್ತಲಿನ ಬಣ್ಣವೂ ಸುಡುತ್ತದೆ.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ತಿರುಗುವ ಡ್ರಿಲ್ ಹಿಡಿಯುವಾಗ ಕೈಗವಸು ಬೇಡ, ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆಯುತ್ತದೆ. ಅರ ಹಾಕುವಾಗ, ತಗಡು ಎತ್ತುವಾಗ ಕೈಗವಸು ಬೇಕೇ ಬೇಕು.

ಹಂತ 5: ಪುಡಿ ತೆಗೆಯಿರಿ

ಬಾಯಲ್ಲಿ ಊದಬೇಡಿ, ಕಣ್ಣಿಗೇ ಬರುತ್ತದೆ. ಮ್ಯಾಗ್ನೆಟ್ ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೂಲೆಮೂಲೆಗೂ ಆಡಿಸಿ. ಕವರ್ ತಿರುಗಿಸಿ ಮ್ಯಾಗ್ನೆಟ್ ಹೊರಗೆ ತೆಗೆದರೆ ಪುಡಿಯೆಲ್ಲ ಕವರಿನಲ್ಲೇ ಉಳಿಯುತ್ತದೆ. ಆಮೇಲೆ ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿ, ಬಿಸಿಲಿಗಿಡಿ. ಖಾಲಿ ಕ್ಯಾಬಿನೆಟ್ ತೊಳೆದರೆ ಏನೂ ಆಗುವುದಿಲ್ಲ.

ಹಂತ 6: ಬಣ್ಣ

ಬಣ್ಣ ನಿಲ್ಲುವುದು ಉಜ್ಜಿದ್ದರ ಮೇಲೆ. ಹೊಳಪಿನ ಮೇಲೆ ಹೊಡೆದ ಸ್ಪ್ರೇ ಉಗುರಿಗೇ ಎದ್ದು ಬರುತ್ತದೆ. 320ರ ಪಾಲಿಶ್ ಪೇಪರಿನಿಂದ ಹಳೇ ಬಣ್ಣ ಮಂಕಾಗುವವರೆಗೆ ಉಜ್ಜಿ. ಪೂರ್ತಿ ಕೀಳುವುದು ಬೇಡ. ತಗಡು ಕಂಡಲ್ಲಿ, ಕೊರೆದ ಅಂಚಿನಲ್ಲಿ ಪ್ರೈಮರ್ ತಪ್ಪಿಸಬೇಡಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು ಶುರುವಾಗುತ್ತದೆ.

ಡಬ್ಬಿಯನ್ನು ಎರಡು ನಿಮಿಷ ಕುಲುಕಿ. 25 ರಿಂದ 30 ಸೆಂ.ಮೀ. ದೂರದಿಂದ, ತಗಡಿನ ಆಚೆಯೇ ಸ್ಪ್ರೇ ಶುರು ಮಾಡಿ ಈಚೆ ದಾಟಿದ ಮೇಲೆ ಬೆರಳು ಬಿಡಿ. ತೆಳುವಾಗಿ ಮೂರು ಕೋಟು, ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಒಂದೇ ಕೋಟಿನಲ್ಲಿ ಮುಚ್ಚಲು ಹೋದರೆ ಸೋರುತ್ತದೆ. ಪ್ರೈಮರ್, ಬಣ್ಣ, ಕೊನೆಗೆ ಹೊಡೆಯುವ ಪಾರದರ್ಶಕ ಕೋಟು ಮೂರೂ ಒಂದೇ ಜಾತಿಯವು ಇರಲಿ. ಎನಾಮಲ್ ಜಾತಿಯದ್ದರ ಮೇಲೆ ಲ್ಯಾಕರ್ ಜಾತಿಯದ್ದು ಹೊಡೆದು ಸುಕ್ಕು ಬರಿಸಿಕೊಂಡವರು ಇದ್ದಾರೆ. ಕೊರೆದಾಗ ಬಿದ್ದ ದುಂಡು ಬಿಲ್ಲೆಯನ್ನು ಎಸೆದಿಲ್ಲ ಅಲ್ವಾ? ಮೊದಲು ಅದರ ಮೇಲೆ ಎಲ್ಲ ಕೋಟು ಹೊಡೆದು ನೋಡಿ.

ನಮ್ಮಲ್ಲಿ ಬೇಸಿಗೆಯಾದರೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಕಾದ ತಗಡಿನ ಮೇಲೆ ಬಣ್ಣ ಹರಡುವ ಮೊದಲೇ ಒಣಗಿ ಒರಟಾಗುತ್ತದೆ. ಮಳೆ ದಿನ ಬೇಡ, ತೇವಕ್ಕೆ ಬೆಳ್ಳಗೆ ಮಂಜು ಕಟ್ಟುತ್ತದೆ. ಚಿತ್ರದುರ್ಗದವರಿಗೆ ಗಾಳಿಯದ್ದೇ ಚಿಂತೆ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಊರಲ್ಲಿ ತಾರಸಿ ಮೇಲೆ ಸ್ಪ್ರೇ ಹೊಡೆದರೆ ಅರ್ಧ ಬಣ್ಣ ಪಕ್ಕದ ಮನೆಗೆ ಹೋಗುತ್ತದೆ, ಧೂಳು ಬಂದು ನಿಮ್ಮದಕ್ಕೆ ಕೂರುತ್ತದೆ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಅಡ್ಡ ಮಲಗಿಸಿ, ತಗಡನ್ನು ಅದರೊಳಗೆ ನಿಲ್ಲಿಸಿ, ಹೊರಗೆ ನಿಂತು ಹೊಡೆಯಿರಿ.

ಮದರ್‌ಬೋರ್ಡ್ ಕೂರುವ ಹಿತ್ತಾಳೆ ಗುಬುಟುಗಳಿಗೆ, ಎಸ್‌ಎಂಪಿಎಸ್ ತಾಗುವ ಜಾಗಕ್ಕೆ ಬಣ್ಣ ಹೊಡೆಯುವ ಮೊದಲೇ ಟೇಪ್ ಅಂಟಿಸಿರಬೇಕು. ಅರ್ತಿಂಗ್ ಸಿಗುವುದೇ ಆ ಬರಿ ಲೋಹದಿಂದ. ಮುಂದಿನ ಪ್ಲಾಸ್ಟಿಕ್ ಮುಖಕ್ಕೆ ಪ್ಲಾಸ್ಟಿಕ್ ಪ್ರೈಮರ್ ಬೇರೆಯೇ ಬೇಕು, ಥಿನ್ನರ್ ಹಾಕಿ ಒರೆಸಿದರೆ ಕರಗುತ್ತದೆ. ಇಷ್ಟಕ್ಕೆಲ್ಲ ತಾಳ್ಮೆ ಇಲ್ಲದವರು ಬೈಕ್ ಪೇಂಟ್ ಮಾಡುವ ಗ್ಯಾರೇಜಿಗೆ ಕೊಡಿ, ಅದೇನೂ ಸೋಲಲ್ಲ. ಸ್ಟಿಕರ್ ಸುತ್ತುವುದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಬಿಸಿಗೆ ಅಂಚು ಏಳುತ್ತದೆ.

ಕಿಟಕಿ ಬೇಕೇ ಬೇಕು ಅಂದರೆ 3 ಮಿ.ಮೀ. ಅಕ್ರಿಲಿಕ್ ಶೀಟನ್ನು ನಂಬರ್ ಪ್ಲೇಟ್ ಅಂಗಡಿಯಲ್ಲೇ ಅಳತೆಗೆ ಕತ್ತರಿಸಿಕೊಳ್ಳಿ. ಸ್ಪಿರಿಟ್, ಥಿನ್ನರ್ ಸೋಕಿಸಬೇಡಿ, ಕೂದಲೆಳೆಯಂಥ ಬಿರುಕು ಬರುತ್ತವೆ.

ಹಂತ 7: ಜೋಡಿಸಿ

ಒಂದು ದಿನ ಪೂರ್ತಿ ಒಣಗಲಿ. ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿ, ಫ್ಯಾನು ಕೂರಿಸಿ, ಮೇಲೆ ತಂತಿ ಗಾರ್ಡ್ ಬಿಗಿಯಿರಿ. ಫ್ಯಾನಿನ ಯಾವ ಮುಖದಲ್ಲಿ ಅಡ್ಡ ಕಡ್ಡಿಗಳಿವೆಯೋ ಗಾಳಿ ಹೊರಗೆ ಬರುವುದು ಆ ಕಡೆಗೆ. ಆ ಮುಖ ಮೇಲಕ್ಕಿರಲಿ. ಎಲ್‌ಇಡಿ ಪಟ್ಟಿ ಹಾಕುವವರು ಪಟ್ಟಿ ಮೇಲೆ 5 ವೋಲ್ಟ್ ಅಂತ ಇದೆಯೋ 12 ವೋಲ್ಟೋ ಎರಡೆರಡು ಸಲ ಓದಿ. 5ರದ್ದನ್ನು 12ಕ್ಕೆ ಕೊಟ್ಟರೆ ಅಲ್ಲೇ ಸುಟ್ಟು ಹೋಗುತ್ತದೆ.

ಪಕ್ಕದ ತಗಡು ಮುಚ್ಚಿ, ಕಂಪ್ಯೂಟರ್ ಆನ್ ಮಾಡಿ. ವೈರ್ ಫ್ಯಾನಿಗೆ ತಾಗುವ ಸದ್ದು ಇದೆಯಾ ಕೇಳಿ. ಒಂದು ಊದುಬತ್ತಿ ಹಚ್ಚಿ ಮುಂಭಾಗದ ಜಾಲರಿ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ಸೇದಿಕೊಂಡು, ಸ್ವಲ್ಪ ಹೊತ್ತಿಗೆ ನೀವು ಕೊರೆದ ತೂತಿನಿಂದ ಮೇಲೆ ಬರಬೇಕು. ಬರದಿದ್ದರೆ ಫ್ಯಾನು ತಲೆಕೆಳಗಾಗಿ ಕೂತಿದೆ. ನಾಲ್ಕು ಸ್ಕ್ರೂ ಬಿಚ್ಚಿ ತಿರುಗಿಸಿ ಹಾಕಿ.