ಮಣಿ ಜಡೆಯ ಲೆಕ್ಕ ಬೈತಲೆಯಿಂದಲೇ ಶುರು

ಆಫ್ರಿಕನ್ ಮೂಲದವರ ಬಿಗಿ ಗುಂಗುರು ಕೂದಲಿಗೆ ಜಡೆ ಹೆಣೆಯುವಾಗ ಮಣಿ ಹಾಕುವುದು ಕೊನೆಗೇ. ಆದರೆ ಯಾವ ಮಣಿ, ಜಡೆಗೆ ಎಷ್ಟು ಎಂದು ಗೊತ್ತಾಗದೆ ನಾನು ಬೈತಲೆಗೆ ಕೈ ಹಚ್ಚುವುದಿಲ್ಲ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪೋನಿ ಮಣಿ 9 ಮಿ.ಮೀ. ಅಗಲ, 6 ಮಿ.ಮೀ. ಎತ್ತರ. ತೂತು ಸುಮಾರು 4 ಮಿ.ಮೀ. ಮಡಚಿದ ಕೂದಲತುದಿ ಆ ತೂತಿನಲ್ಲಿ ತೂರಬೇಕು. ಬೈತಲೆಗಳ ನಡುವಿನ ಸಾಲು ಅಗಲವಾದರೆ ಜಡೆ ದಪ್ಪವಾಗುತ್ತದೆ, ಮಣಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪೋನಿ ಮಣಿಗೆ ಒಂದರಿಂದ ಒಂದೂವರೆ ಸೆಂ.ಮೀ. ಅಗಲದ ಸಾಲು ಸಾಕು.

ಇನ್ನು ತೂಕ. ಒಂದು ಮಣಿ ಕಾಲು ಗ್ರಾಂ ಆಸುಪಾಸು. 30 ಜಡೆಗೆ ಆರಾರು ಎಂದರೆ 180 ಮಣಿ, 45 ಗ್ರಾಂ. ಇಡೀ ತಲೆಗೆ ಅದು ಹೊರೆಯಲ್ಲ. ಆದರೆ ಹಣೆಯಂಚಿನ, ಕಿವಿಯ ಮೇಲಿನ ತೆಳುಗೂದಲಿಗೆ ಹೊರೆಯೇ. ಅಲ್ಲಿ ಮೂರು ಮಣಿಗೆ ನಿಲ್ಲಿಸುತ್ತೇನೆ, ಹಿಂದಲೆಗೆ ಆರು. ಅಂಚಿನ ಎಳೆಗೂದಲನ್ನು ಜಡೆಗೆ ಸೇರಿಸುವುದೇ ಇಲ್ಲ.

ತಲೆ ತೊಳೆದು ಕಂಡೀಷನರ್ ಹಚ್ಚಿ, ಅದು ಇರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು. ಒಣಗಿದ ಗುಂಗುರಿಗೆ ಬರಿ ಹಣಿಗೆ ಎಳೆದರೆ ಕೂದಲು ನಡುವೆಯೇ ತುಂಡಾಗುತ್ತದೆ. ಯಲ್ಲಾಪುರ, ಹಳಿಯಾಳ ಕಡೆಯ, ಆಫ್ರಿಕನ್ ಮೂಲದ ಸಿದ್ದಿ ಮಕ್ಕಳ ತಲೆ ಬಾಚುವವರಿಗೂ ಈ ಮಾತು ಅಷ್ಟೇ ಸರಿ. ಆಮೇಲೆ ಕಡಿಮೆ ಬಿಸಿಯಲ್ಲಿ ಡ್ರೈಯರ್ ಹಿಡಿದು ಕೂದಲನ್ನು ನೀಳ ಮಾಡಿ ಹೆಣೆಯುತ್ತೇನೆ. ಒದ್ದೆಯಲ್ಲಿ ಹೆಣೆದ ಜಡೆ ಒಣಗುತ್ತ ಕುಗ್ಗಿ ಬುಡವನ್ನು ಜಗ್ಗುತ್ತದೆ.

ನೆತ್ತಿಗಂಟಿದ ಜಡೆಗೆ, ಅಂದರೆ ಕಾರ್ನ್‌ರೋಗೆ, ಮೊದಲ ಹೆಣಿಗೆಯಲ್ಲಿ ತೀರ ಸ್ವಲ್ಪ ಕೂದಲು ಹಿಡಿಯಬೇಕು. ಪಕ್ಕದ ಎಳೆಯನ್ನು ನಡುವಿನ ಎಳೆಯ ಕೆಳಗಿಂದ ಹಾಯಿಸುತ್ತ, ಒಂದೊಂದು ಸುತ್ತಿಗೂ ಬುಡದಿಂದ ಚೂರು ಕೂದಲು ಸೇರಿಸುತ್ತ ಹೋಗಬೇಕು. ಕೈ ತಲೆಗೆ ತಾಗಿಯೇ ಇದ್ದರೆ ಬಿಗಿ ಸಮ ಬರುತ್ತದೆ. ಕೈ ಮೇಲೆದ್ದರೆ ಜಡೆ ಸಡಿಲ, ಅದನ್ನು ಮುಚ್ಚಲು ಜಗ್ಗಿದರೆ ಚರ್ಮಕ್ಕೆ ಪೆಟ್ಟು. ಬುಡದಲ್ಲಿ ಬಿಳಿ ಗುಳ್ಳೆ ಎದ್ದರೆ, ಹುಬ್ಬು ಮೇಲಕ್ಕೆ ಎಳೆದಂತಾದರೆ, ತಲೆ ಸಿಡಿದರೆ ಆ ಸಾಲನ್ನು ಆಗಲೇ ಬಿಚ್ಚಬೇಕು. ಎರಡು ದಿನದಲ್ಲಿ ಸಡಿಲಾಗುತ್ತದೆ ಎಂದು ಸಮಾಧಾನ ಹೇಳುವವರ ಮಾತು ಕೇಳಬೇಡಿ. ಎಳೆತ ವರ್ಷಗಟ್ಟಲೆ ಮುಂದುವರಿದರೆ ಕಣತಲೆ, ಹಣೆಯಂಚು ಬೋಳಾಗಿ, ಕೂದಲು ಮತ್ತೆ ಹುಟ್ಟದೇ ಹೋಗಬಹುದು.

ಜನ ಹೆಚ್ಚು ಕೇಳುವುದು ಫುಲಾನಿ ಮಾದರಿ. ಸೆನೆಗಲ್‌ನಿಂದ ನೈಜರ್, ನೈಜೀರಿಯಾವರೆಗೆ ಹರಡಿರುವ ಫುಲಾನಿ ಹೆಂಗಸರದು ಇದು. ನೆತ್ತಿಯ ನಡುವೆ ಒಂದು ಸಾಲು, ಕಿವಿಯ ಮುಂದೆ ಇಳಿಬಿದ್ದ ಜಡೆಗಳು, ಅವುಗಳಲ್ಲಿ ಅಂಬರ್ (ಕಲ್ಲಾದ ಮರದಂಟು), ಬೆಳ್ಳಿ ನಾಣ್ಯ, ಕವಡೆ. ನಾಣ್ಯಗಳು ಎಷ್ಟೋ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬಂದವು. ಮಾಲ್ಡೀವ್ಸ್‌ನ ಕವಡೆ ವ್ಯಾಪಾರದ ಹಡಗುಗಳಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಶತಮಾನಗಳ ಕಾಲ ದುಡ್ಡಾಗಿ ಚಲಾವಣೆಯಲ್ಲಿತ್ತು. ಜಡೆಗೆ ಹಾಕಿದ ಕವಡೆ ಎಂದರೆ ಕಣ್ಣಿಗೆ ಕಾಣುವ ಆಸ್ತಿ. ಇದನ್ನು ಮಣಿಯಂತೆ ಪೋಣಿಸಲಾಗದು. ಬೆನ್ನು ಕತ್ತರಿಸಿದ ಕವಡೆಯನ್ನು ದಾರದಿಂದ ಜಡೆಗೆ ಹೊಲಿಯುತ್ತೇನೆ, ಅದಕ್ಕೂ ಮೊದಲು ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತೇನೆ. ಘಾನಾದ ಕ್ರೋಬೋ ಜನರು ಗಾಜಿನ ಪುಡಿಯನ್ನು ಮಣ್ಣಿನ ಅಚ್ಚಿನಲ್ಲಿ ಸುಟ್ಟು ಮಾಡುವ ಮಣಿ ಬಲು ಚೆಂದ, ಆದರೆ ಭಾರ. ಜಡೆಗೆ ಒಂದಕ್ಕಿಂತ ಹೆಚ್ಚು ಹಾಕುವುದಿಲ್ಲ. ಮರದ ಮಣಿಯ ಬಣ್ಣ ನೀರಿಗೆ ಬಿಡುತ್ತದೆ, ಮೊದಲೇ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ.

ಪೋಣಿಸಲು ಒಂದು ತುದಿಗೆ ಕುಣಿಕೆ ಇರುವ ಕಡ್ಡಿ ಬೇಕು. ಮಣಿಗಳನ್ನು ಕಡ್ಡಿಗೆ ಏರಿಸಿ, ಜಡೆಯ ತುದಿಯನ್ನು ಕುಣಿಕೆಯಲ್ಲಿ ಮೂರು-ನಾಲ್ಕು ಸೆಂ.ಮೀ. ಹಾಯಿಸಿ ಮಡಚಿ, ಮಣಿಗಳನ್ನು ಕೂದಲಿನ ಮೇಲೆ ಜಾರಿಸಬೇಕು. ಕುಣಿಕೆಗೆ ಹತ್ತಿರದ ಮಣಿಯೇ ಜಡೆಯಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ. ಶಾಲೆಯ ಬಣ್ಣ, ಹುಟ್ಟುಹಬ್ಬದ ಬಣ್ಣ ಎಂದು ಸರದಿ ಕೇಳಿದಾಗ ಎಡವುವುದು ಇಲ್ಲಿಯೇ. ತೂತಿನೊಳಗೆ ಅಚ್ಚಿನ ಚೂಪು ಏಣು ಉಳಿದ ಮಣಿಯನ್ನು ಬಿಸಾಡಿ. ಅದು ಕೂದಲನ್ನು ಕೊಯ್ಯುತ್ತದೆ.

1999ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಟೆನಿಸ್ ಕ್ವಾರ್ಟರ್‌ಫೈನಲ್‌ನಲ್ಲಿ ಲಿಂಡ್ಸೆ ಡೇವನ್‌ಪೋರ್ಟ್ ವಿರುದ್ಧ ಆಡುತ್ತಿದ್ದ ವೀನಸ್ ವಿಲಿಯಮ್ಸ್ ಜಡೆಯಿಂದ ಮಣಿಗಳು ಅಂಕಣಕ್ಕೆ ಉದುರಿದವು. ಅಂಪೈರ್ ಒಂದು ಪಾಯಿಂಟ್ ಕಳೆದರು. ಆ ದಂಡ ನನಗಂತೂ ಅತಿ ಎನಿಸುತ್ತದೆ. ಆದರೂ ಓಡಿ ಆಡುವ ಹುಡುಗಿಯರ ಜಡೆಗೆ ಬೀಗ ಬೇಕೇ ಬೇಕು. ಕೊನೆಯ ಮಣಿಯ ಹೊರಗಿನಿಂದ ಕೂದಲ ತುದಿಯನ್ನು ಮೇಲಕ್ಕೆ ಮಡಚಿ, ಕೊನೆಯ ಎರಡು ಮಣಿಗಳ ನಡುವೆ ಸಣ್ಣ ರಬ್ಬರ್ ಬ್ಯಾಂಡನ್ನು ಮೂರು-ನಾಲ್ಕು ಸುತ್ತು ಬಿಗಿದರೆ ಕೊನೆಯ ಮಣಿಯೇ ತಡೆಯಾಗಿ ಉಳಿದವನ್ನು ಹಿಡಿಯುತ್ತದೆ. ಮಣಿ ಉದುರಲು ಹೆಚ್ಚಿನ ಸಲ ಕಾರಣ ಎಣ್ಣೆ. ರಬ್ಬರ್ ಎಣ್ಣೆ ಕುಡಿದು ಉಬ್ಬಿ ಹರಿಯುತ್ತದೆ. ನೆತ್ತಿಗೆ, ಬುಡಕ್ಕೆ ಎಣ್ಣೆ ಹಚ್ಚಿ, ತುದಿಗೆ ಬೇಡ.

ಮೂರು ವರ್ಷದೊಳಗಿನ ಮಕ್ಕಳಿಗೆ ಮಣಿ ಹಾಕುವುದಿಲ್ಲ, ಕಳಚಿದ್ದು ನೇರ ಬಾಯಿಗೆ ಹೋಗುತ್ತದೆ. ರಾತ್ರಿ ಜಡೆಗಳನ್ನು ಸಡಿಲವಾಗಿ ಕೂಡಿಸಿ ಸ್ಯಾಟಿನ್ ಟೊಪ್ಪಿ ಹಾಕಿ. ಹತ್ತಿ ದಿಂಬು ಕೂದಲ ಪಸೆ ಹೀರುತ್ತದೆ.

ಎರಡು-ಮೂರು ವಾರಕ್ಕೆ ಬಿಚ್ಚಿಬಿಡಬೇಕು. ಈಗ ಬ್ಯಾಂಡಿಗೆ ಬೇಕೆಂದೇ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟರೆ ಸುಲಭವಾಗಿ ಹರಿಯುತ್ತದೆ, ಕತ್ತರಿ ಬೇಕಾಗದು. ಹಣಿಗೆಗೆ ಹಿಡಿ ಕೂದಲು ಬಂದರೆ ಗಾಬರಿ ಬೇಡ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ಜಡೆಯೊಳಗೆ ಸಿಕ್ಕಿಕೊಂಡಿದ್ದವು ಒಟ್ಟಿಗೆ ಹೊರಬರುತ್ತವೆ. ಅವನ್ನೆಲ್ಲ ಎಣ್ಣೆಗೈಯಲ್ಲಿ ಬಿಡಿಸಿ ತೆಗೆದ ಮೇಲೆಯೇ ತಲೆಗೆ ನೀರು ಹಾಕಿ. ಮೊದಲೇ ನೀರು ಬಿದ್ದರೆ ಬುಡದಲ್ಲಿ ಗಂಟು ಕಟ್ಟುತ್ತದೆ, ಆ ಗಂಟಿಗೆ ಕೊನೆಗೆ ಕತ್ತರಿಯೇ ಗತಿ.