ಹಂಚಿಕೊಂಡ ಆಕ್ಸೆಸ್ ಫೈಲ್ ಪದೇ ಪದೇ ಕೆಡುತ್ತಿತ್ತು: ಸರಿಹೋದದ್ದು ಹೀಗೆ

ಸರ್ವರ್‌ನ ಶೇರ್ಡ್ ಫೋಲ್ಡರ್‌ನಲ್ಲಿದ್ದ ಒಂದೇ ಮೈಕ್ರೋಸಾಫ್ಟ್ ಆಕ್ಸೆಸ್ (ಡೇಟಾಬೇಸ್ ತಂತ್ರಾಂಶ) ಫೈಲನ್ನು ಆರು ಮಂದಿ ಒಟ್ಟಿಗೆ ತೆರೆದಾಗ, ಡೇಟಾಬೇಸ್ ಸುಸ್ಥಿತಿಯಲ್ಲಿಲ್ಲ ಎಂಬ ಎರರ್ ಬಂದು ಎಲ್ಲರ ಕೆಲಸವೂ ನಿಲ್ಲುತ್ತಿತ್ತು.

ಆಕ್ಸೆಸ್‌ನದೇ ದುರಸ್ತಿ ಸೌಲಭ್ಯವಾದ ಕಾಂಪ್ಯಾಕ್ಟ್ ಅಂಡ್ ರಿಪೇರ್ ಮಾಡಿದರೆ ಫೈಲ್ ತೆರೆಯುತ್ತಿತ್ತು, ಮತ್ತೆ ಕೆಡುತ್ತಿತ್ತು. ರೆಕಾರ್ಡ್ ಲಾಕಿಂಗ್ (ಒಬ್ಬರು ತಿದ್ದುತ್ತಿರುವ ದಾಖಲೆಯನ್ನು ಇತರರು ಮುಟ್ಟದಂತೆ ತಡೆಯುವುದು) ಬದಲಿಸಿದ್ದು, ಆಂಟಿವೈರಸ್‌ನಿಂದ ಫೋಲ್ಡರ್ ಹೊರಗಿಟ್ಟದ್ದು, ಎರಡೂ ವ್ಯರ್ಥ. ಕ್ಲೌಡ್ ಸಿಂಕ್ ಫೋಲ್ಡರಂತೂ ಬೇಡವೇ ಬೇಡ: ಅದಕ್ಕೆ ಲಾಕ್ ತಿಳಿಯದು, ಎರಡು ಪ್ರತಿ ಹುಟ್ಟಿಸುತ್ತದೆ.

ಕೆಲಸ ಮಾಡಿದ ಕ್ರಮ: ಎಲ್ಲರನ್ನೂ ಹೊರಬರಿಸಿ, .ಎಲ್‌ಎಸಿಸಿಡಿಬಿ ಲಾಕ್ ಫೈಲ್ (ಡೇಟಾಬೇಸ್ ತೆರೆದಿರುವಾಗ ಅದೇ ಫೋಲ್ಡರ್‌ನಲ್ಲಿ ಕಾಣುವ ಫೈಲ್) ಮಾಯವಾಗಿದೆಯೇ ನೋಡಿ, ಬ್ಯಾಕಪ್ ತೆಗೆದುಕೊಳ್ಳಿ. ಡೇಟಾಬೇಸ್ ಟೂಲ್ಸ್ ಟ್ಯಾಬ್‌ನ 'ಆಕ್ಸೆಸ್ ಡೇಟಾಬೇಸ್' ಬಟನ್‌ನಿಂದ ಫೈಲನ್ನು ಎರಡು ಭಾಗವಾಗಿ ಒಡೆಯಿರಿ. ಟೇಬಲ್‌ಗಳಷ್ಟೇ ಇರುವ ಬ್ಯಾಕ್‌ಎಂಡ್ ಸರ್ವರ್‌ನಲ್ಲಿ. ಫಾರ್ಮ್, ಕ್ವೆರಿ, ರಿಪೋರ್ಟ್ ಇರುವ ಫ್ರಂಟ್‌ಎಂಡ್‌ನ ಬೇರೆ ಬೇರೆ ಪ್ರತಿ ಪ್ರತಿಯೊಬ್ಬರ ಸಿ ಡ್ರೈವ್‌ನಲ್ಲಿ. ಪ್ರತಿಯ ಬದಲು ಒಂದೇ ಫ್ರಂಟ್‌ಎಂಡ್‌ಗೆ ಎಲ್ಲರಿಗೂ ಶಾರ್ಟ್‌ಕಟ್ ಕೊಟ್ಟರೆ ಒಡೆದೂ ಪ್ರಯೋಜನವಿಲ್ಲ. ಫ್ರಂಟ್‌ಎಂಡನ್ನು ಬ್ಯಾಕ್‌ಎಂಡ್‌ಗೆ ಲಿಂಕ್ ಮಾಡುವಾಗ ಡ್ರೈವ್ ಅಕ್ಷರದ ಬದಲು ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ ಸರ್ವರ್ ವಿಳಾಸವನ್ನೇ ಬಳಸಿ.

ಬ್ಯಾಕ್‌ಎಂಡ್ ಇರುವ ಫೋಲ್ಡರ್‌ಗೆ ಎಲ್ಲ ಬಳಕೆದಾರರಿಗೂ 'ಮಾಡಿಫೈ' ಅನುಮತಿ ಬೇಕು, ಶೇರ್ (ನೆಟ್‌ವರ್ಕ್ ಹಂಚಿಕೆ) ಮತ್ತು ಎನ್‌ಟಿಎಫ್‌ಎಸ್ (ಡಿಸ್ಕ್‌ನ ಫೈಲ್ ವ್ಯವಸ್ಥೆ) ಅನುಮತಿ ಎರಡರಲ್ಲೂ (ಶೇರ್‌ನಲ್ಲಿ ಅದರ ಹೆಸರು 'ಚೇಂಜ್'). ಲಾಕ್ ಫೈಲನ್ನು ಮೊದಲು ಬಂದವರು ಸೃಷ್ಟಿಸಿ, ಕೊನೆಗೆ ಹೋಗುವವರು ಅಳಿಸಬೇಕಲ್ಲ.

ಆಮೇಲೂ ಎರರ್ ಉಳಿದರೆ ಕಾರಣ ಎಸ್‌ಎಂಬಿ (ವಿಂಡೋಸ್‌ನ ನೆಟ್‌ವರ್ಕ್ ಫೈಲ್ ಹಂಚಿಕೆ ವ್ಯವಸ್ಥೆ) ಲೀಸಿಂಗ್, ಅಂದರೆ ಫೈಲಿನ ಮಾಹಿತಿಯನ್ನು ಬಳಕೆದಾರರ ಯಂತ್ರದಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಬಿಡುವುದು, ಇರಬಹುದು. ಬ್ಯಾಕ್‌ಎಂಡ್ ಇರುವ ಯಂತ್ರದ ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್‌ಗಳ ಭಂಡಾರ) ಲ್ಯಾನ್‌ಮ್ಯಾನ್‌ಸರ್ವರ್ ಸರ್ವೀಸಿನ ಪ್ಯಾರಾಮೀಟರ್ಸ್ ಕೀಯಲ್ಲಿ 'ಡಿಸೇಬಲ್‌ಲೀಸಿಂಗ್' ಎಂಬ ಡಿವರ್ಡ್ (ಸಂಖ್ಯಾ ಮೌಲ್ಯದ ನಮೂದು) ಸೇರಿಸಿ ಮೌಲ್ಯ 1 ಕೊಡಿ, ಎಲ್ಲರೂ ಹೊರಬಂದ ಮೇಲೆ 'ಸರ್ವರ್' ಸರ್ವೀಸನ್ನು ಮರುಚಾಲೂ ಮಾಡಿ. ಇಲ್ಲಿ ಎರರ್ ನಿಂತದ್ದು ಈ ಹೆಜ್ಜೆಯ ನಂತರವೇ. ಆದರೆ ಫೈಲನ್ನು ವೈಫೈ ಮೂಲಕ ತೆರೆಯಲೇಬೇಡಿ. ಬರೆಯುವ ನಡುವೆ ಸಂಪರ್ಕ ಕಡಿದರೆ ಯಾವ ಸೆಟ್ಟಿಂಗೂ ಕಾಯದು.